ಒಂದೇ ವರ್ಷದ ಲಾರಿ, ಬೇರೆ ಬೇರೆ ಹೊಗೆ

ಮಾನ್ಯ ಸಂಪಾದಕರೇ,

ಹಳೇ ಲಾರಿಗಳನ್ನೆಲ್ಲ ಗುಜರಿಗೆ ಹಾಕಿ ಅಂತ ವಾಚಕರು ಬರೆಯುವ ಪತ್ರಗಳನ್ನು ಆಗಾಗ ಓದುತ್ತಿರುತ್ತೇನೆ. ಹತ್ತು ವರ್ಷ, ಹದಿನೈದು ವರ್ಷ ಅಂತ ಎಲ್ಲರದ್ದೂ ವಯಸ್ಸಿನ ಲೆಕ್ಕವೇ. ನಾನು ಲಾರಿ ರಿಪೇರಿ ಮಾಡಿಕೊಂಡೇ ಬದುಕಿದವನು. ವಯಸ್ಸು ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಗಾಡಿ ಎಲ್ಲಿ ನೋಂದಣಿಯಾಗಿದ್ದು, ಯಾವ ಪರ್ಮಿಟ್ ಮೇಲೆ ಓಡಿದ್ದು ಅನ್ನೋದನ್ನೂ ಕೇಳಬೇಕು.

ಒಮ್ಮೆ ಶೆಡ್‌ಗೆ ಒಂದೇ ದಿನ ಎರಡು ಗಾಡಿ ಬಂದವು. ಎರಡೂ 2012ರವು, ಒಂದೇ ಕಂಪನಿಯವು, ಎರಡೂ ಬೆಂಗಳೂರು ನೋಂದಣಿ. ಒಂದು ಊರೊಳಗೇ ಜಲ್ಲಿ ಹೊಡೆಯುವ ಟಿಪ್ಪರ್, ಇನ್ನೊಂದು ನ್ಯಾಷನಲ್ ಪರ್ಮಿಟ್ ಲಾರಿ. ಟಿಪ್ಪರ್ ಕ್ಯಾಬಿನ್ ಎತ್ತಿದರೆ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಕೊಡುವ ಒಂದೇ ಪೈಪು), ಇಸಿಎಂ ಅನ್ನೋ ಇಂಜಿನ್ ಕಂಪ್ಯೂಟರ್, ವೈರಿಂಗ್ ಗೊಂಚಲು, ಚಾಸಿ ಪಕ್ಕದಲ್ಲಿ ಹೊಗೆಯ ವಿಷ ತಗ್ಗಿಸುವ ಯೂರಿಯಾ ದ್ರವದ ನೀಲಿ ಮುಚ್ಚಳದ ಟ್ಯಾಂಕ್. ಲಾರಿಯಲ್ಲಿ ಹಳೇ ಕಾಲದ ಮೆಕ್ಯಾನಿಕಲ್ ಪಂಪ್, ಅದರಿಂದ ಒಂದೊಂದು ಇಂಜೆಕ್ಟರ್‌ಗೂ ಒಂದೊಂದು ಪೈಪು, ಕೊನೆಗೆ ಸಾದಾ ಸೈಲೆನ್ಸರ್, ಅಷ್ಟೇ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ "ಅಣ್ಣಾ, ಯಾರೋ ಇದರ ಸಾಮಾನೆಲ್ಲ ಬಿಚ್ಚಿಕೊಂಡು ಹೋಗಿದ್ದಾರೆ" ಅಂದ. ಯಾರೂ ಬಿಚ್ಚಿರಲಿಲ್ಲ. ಫ್ಯಾಕ್ಟರಿಯಿಂದ ಬರುವಾಗಲೇ ಇರಲಿಲ್ಲ.

ಇದಕ್ಕೆ ಕಾರಣ 2010ರಲ್ಲಿ ಬಂದ ಬಿಎಸ್ ನಿಯಮ. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ; ಸಂಖ್ಯೆ ಏರಿದಷ್ಟೂ ಬಿಗಿ. ಆಗ ದೇಶಕ್ಕೆಲ್ಲ ಬಿಎಸ್-3, ಆದರೆ 13 ನಗರಗಳಿಗೆ ಮಾತ್ರ ಬಿಎಸ್-4. ಆ ಮೊದಲ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ಬೆಂಗಳೂರು ಒಂದೇ. ಪಕ್ಕದ ಸೊಲ್ಲಾಪುರ ಇತ್ತು, ಹುಬ್ಬಳ್ಳಿ, ಮಂಗಳೂರು ಇರಲಿಲ್ಲ. ಬಿಎಸ್-4 ನಗರಗಳಲ್ಲೂ ನ್ಯಾಷನಲ್ ಪರ್ಮಿಟ್, ಅಂತರರಾಜ್ಯ ಪರ್ಮಿಟ್ ಗಾಡಿಗಳಿಗೆ ವಿನಾಯಿತಿ, ಬಿಎಸ್-3 ಇದ್ದರೆ ಸಾಕು. ಸುಮ್ನೆ ಕೊಟ್ಟಿದ್ದಲ್ಲ ಅದು. ಬಿಎಸ್-4 ಡೀಸೆಲ್‌ನಲ್ಲಿ ಸಲ್ಫರ್ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಮೀರಬಾರದಿತ್ತು, ಬಿಎಸ್-3 ಡೀಸೆಲ್‌ನಲ್ಲಿ 350ರ ತನಕ ಇರಬಹುದಿತ್ತು. ಊರು ದಾಟಿ ಹೋದ ಲಾರಿ ಹೆದ್ದಾರಿ ಬಂಕ್‌ನಲ್ಲಿ ಸಿಕ್ಕ ಡೀಸೆಲ್ ಹಾಕಿಸಿಕೊಳ್ಳಲೇಬೇಕಿತ್ತಲ್ವಾ? ಅಷ್ಟು ಸಲ್ಫರ್ ಕುಡಿದರೆ ಸೈಲೆನ್ಸರ್ ಒಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹಾಳಾಗುತ್ತದೆ.

ಕಾರಣ ಸರಿಯಾದದ್ದೇ. ಆದರೆ ದೂರ ಓಡುವ, ಹೆಚ್ಚು ಡೀಸೆಲ್ ಸುಡುವ ಗಾಡಿಗಳಿಗೇ ಕಡಿಮೆ ಸಾಮಾನು ಸಿಕ್ಕಿತು. ಅವೇ ರಾತ್ರಿ ಹೊತ್ತು ಇದೇ ನಗರಗಳೊಳಗೆ ಬಂದು ಸರಕು ಇಳಿಸಿ ಹೋಗುತ್ತಿದ್ದವು. ಬಿಎಸ್-4 ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್ 1ಕ್ಕೆ. ಅದಕ್ಕೆ ಮೂರು ದಿನ ಮುಂಚೆ, ಉಳಿದ ಬಿಎಸ್-3 ಗಾಡಿಗಳನ್ನು ಇನ್ನು ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಶೋರೂಮ್‌ಗಳಲ್ಲಿ ಎಷ್ಟು ಗಡಿಬಿಡಿ ಆಯಿತು ಅಂತ ನೆನಪಿರಬಹುದು.

ಅಮೆರಿಕದಲ್ಲೂ ಇಂಥದ್ದೇ ಕಥೆ. ಕ್ಯಾಲಿಫೋರ್ನಿಯಾ 1960ರ ದಶಕದಿಂದಲೇ ತನ್ನದೇ ಬಿಗಿ ನಿಯಮ ಮಾಡಿಕೊಂಡಿದೆ, ಹಾಗಾಗಿ ಅಲ್ಲಿನ ಹಳೇ ಪೆಟ್ರೋಲ್ ಟ್ರಕ್‌ಗಳಲ್ಲಿ ಒಂದೇ ಮಾಡೆಲ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಬಗೆಯ ಸಾಮಾನು, ಬೇರೆ ಕಡೆ ಇನ್ನೊಂದು ಬಗೆ. ಆದರೆ ಅಲ್ಲಿ ಬಾನೆಟ್ ಕೆಳಗೆ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಇಂಜಿನ್ ಯಾವ ನಿಯಮದ್ದು, ಏನೇನು ಸಾಮಾನು ಇರಬೇಕು ಅಂತ ಅದರಲ್ಲೇ ಇರುತ್ತದೆ. ಮೆಕ್ಯಾನಿಕ್ ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮಲ್ಲಿ ಡೀಸೆಲ್ ಗಾಡಿಯ ಹೊಗೆ ತಪಾಸಣೆ ಅಂದರೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ಸೈಲೆನ್ಸರ್‌ಗೆ ಪೈಪು ತುರುಕಿ, ಹೊಗೆ ಎಷ್ಟು ದಟ್ಟ ಅಂತ ನೋಡುವುದು. ಆ ದಟ್ಟಣೆಯ ಅಳತೆಯಲ್ಲಿ ಬಿಎಸ್-3 ಗಾಡಿಗೆ ಮಿತಿ 65, ಬಿಎಸ್-4ಕ್ಕೆ 50. ಯೂರಿಯಾ ತಡೆಯುವುದು ನೈಟ್ರೋಜನ್ ಆಕ್ಸೈಡ್ ಅನ್ನು, ಈ ಮಿಷನ್ ಅದನ್ನು ಅಳೆಯುವುದೇ ಇಲ್ಲ. ಹಾಗಾಗಿ ಯೂರಿಯಾ ಖರ್ಚು ಉಳಿಯಲಿ ಅಂತ ಕೆಲವರು ಒಂದು ಸಣ್ಣ ಡಬ್ಬಿ ಸಿಕ್ಕಿಸಿ ಇಸಿಎಂಗೆ ಮೋಸ ಮಾಡುತ್ತಾರೆ. ಟ್ಯಾಂಕ್ ಖಾಲಿ, ಮೀಟರ್‌ನಲ್ಲಿ ಎಲ್ಲ ಸರಿ. ಯೂರಿಯಾ ಇರುತ್ತದೆ ಅಂತ ನಂಬಿ, ಮಸಿ ಕಡಿಮೆ ಬರುವ ಹಾಗೆ ಇಂಜಿನ್ ಟ್ಯೂನ್ ಮಾಡಿರುತ್ತಾರಲ್ಲ, ಅದಕ್ಕೇ ಹೊಗೆ ತೆಳ್ಳಗೆ ಬಂದು ಪಾಸ್ ಆಗಿಬಿಡುತ್ತದೆ. ನನ್ನ ಹತ್ತಿರವೂ ಇದನ್ನು ಹಾಕಿಕೊಡಿ ಅಂತ ಬಂದವರಿದ್ದಾರೆ. ವಾಪಸ್ ಕಳಿಸಿದೆ, ಬೇರೆ ಯಾರೋ ಮಾಡಿಕೊಟ್ಟಿರುತ್ತಾರೆ ಬಿಡಿ.

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು. 2025ರ ನವೆಂಬರ್‌ನಿಂದ ಹೊರಗಿನ ಸರಕು ಗಾಡಿಗಳನ್ನು ತಡೆಯುವಾಗ ಬಿಎಸ್ ಸಂಖ್ಯೆಯನ್ನು ನೋಡುತ್ತಿದ್ದಾರೆ. ಇದು ವಾಸಿ. ಆದರೆ ಕಾಗದದ ಮೇಲೆ ಬಿಎಸ್-4 ಇದ್ದು ಟ್ಯಾಂಕ್ ಒಣಗಿದ್ದರೆ ಏನು ಮಾಡೋದು?

ಅದಕ್ಕೇ ನನ್ನ ಕೋರಿಕೆ ಇಷ್ಟು. ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಬಂದಾಗ ಆ ಗಾಡಿಗೆ ಫ್ಯಾಕ್ಟರಿಯಲ್ಲಿ ಏನೇನು ಕೊಟ್ಟಿದ್ದರು ಅನ್ನೋ ಪಟ್ಟಿ ಇನ್‌ಸ್ಪೆಕ್ಟರ್ ಕೈಯಲ್ಲಿರಲಿ, ಕ್ಯಾಬಿನ್ ಎತ್ತಿಸಿ ಒಂದೊಂದಾಗಿ ನೋಡಲಿ, ಯೂರಿಯಾ ಟ್ಯಾಂಕಿನ ಮುಚ್ಚಳ ತೆಗೆಸಲಿ, ಇಸಿಎಂ ಹತ್ತಿರ ಹೊರಗಿನ ಡಬ್ಬಿ ಇದೆಯಾ ಅಂತ ಟಾರ್ಚ್ ಹಾಕಿ ಹುಡುಕಲಿ. ನುರಿತವರಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು.

ಇಂತಿ,
ಒಬ್ಬ ಲಾರಿ ಮೆಕ್ಯಾನಿಕ್