ಅನುಭವ ನಿಜ, ಆದರೆ ಕಾರಣ?

ಮಾನ್ಯ ಸಂಪಾದಕರೇ,

‘ನನಗೇ ಅನುಭವ ಆಗಿದೆ, ದೇವರಿದ್ದಾನೆ’ ಅನ್ನುವವರ ಜೊತೆ ವಾದ ಮಾಡೋದು ಕಷ್ಟ. ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಅನ್ನುವುದಿಲ್ಲ. ಅನುಭವ ಆಗಿರಬಹುದು, ಅದಕ್ಕೆ ದೇವರೇ ಕಾರಣ ಅಂತ ಹೇಗೆ ಗೊತ್ತಾಯಿತು?

ಒಮ್ಮೆ ನಡುರಾತ್ರಿ ನನಗೆ ಎಚ್ಚರವಾಯಿತು. ಕಣ್ಣು ಬಿಟ್ಟಿದ್ದೇನೆ, ಕೈಕಾಲು ಅಲ್ಲಾಡುತ್ತಿಲ್ಲ, ಮಂಚದ ಪಕ್ಕ ಯಾರೋ ನಿಂತು ನನ್ನನ್ನೇ ನೋಡುತ್ತಿದ್ದಾರೆ, ಕೂಗೋಣ ಅಂದರೆ ದನಿಯೇ ಹೊರಡುತ್ತಿಲ್ಲ. ಆಮೇಲೆ ತಿಳಿಯಿತು, ಇದು ಸ್ಲೀಪ್ ಪ್ಯಾರಾಲಿಸಿಸ್. ಕನಸು ಬೀಳುವ ನಿದ್ದೆಯಲ್ಲಿ ಮೈ ಅಲುಗಾಡದಂತೆ ಮೆದುಳು ಹಿಡಿದಿಟ್ಟಿರುತ್ತದೆ, ಆ ಹಿಡಿತ ಬಿಡುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ಇದು ಗೊತ್ತಿಲ್ಲದಿದ್ದರೆ ನಾನೂ ದೆವ್ವ ಅಂತಿದ್ದೆ. ಭಕ್ತನಾಗಿದ್ದರೆ ದೇವರು ಅಂತಿದ್ದೆನೋ ಏನೋ!

ಇನ್ನೊಂದು ಮಾತು. ಒಬ್ಬರಿಗೆ ಕೃಷ್ಣ ಕಾಣುತ್ತಾನೆ, ಮತ್ತೊಬ್ಬರಿಗೆ ಮೇರಿ ಮಾತೆ. ಸಾಮಾನ್ಯವಾಗಿ ಅವರವರು ಕೇಳಿ ಬೆಳೆದ ದೇವರೇ ಬರೋದು, ಅಲ್ವಾ? ಬೇರೆ ಬೇರೆ ಧರ್ಮಗಳ ಪವಾಡಗಳು ಒಂದರ ಸಾಕ್ಷಿಯನ್ನು ಇನ್ನೊಂದು ಹೊಡೆದುಹಾಕುತ್ತವೆ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಬರೆದಿದ್ದ.

ನಿಮ್ಮ ಅನುಭವ ನಿಮಗೆ ನೆಮ್ಮದಿ ಕೊಟ್ಟಿದ್ದರೆ ಸಂತೋಷ. ಅದನ್ನೇ ಪುರಾವೆ ಅಂತ ನನ್ನ ಮುಂದೆ ಇಟ್ಟರೆ ಮಾತ್ರ ನಾಲ್ಕು ಪ್ರಶ್ನೆ ಜಾಸ್ತಿ ಕೇಳುತ್ತೇನೆ, ಸಿಟ್ಟಾಗಬೇಡಿ.

– ಒಬ್ಬ ಓದುಗ