ನಿದ್ದೆ ಬಾರದ ರಾತ್ರಿಗಳಲ್ಲಿ ಜೊತೆಗಿದ್ದವರಿಗೆ

ಬೆನ್ನಿನ ಆಪರೇಷನ್ ಆದಮೇಲೆ ಮನೆಯಲ್ಲೇ ಇದ್ದೆ, ಈ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅಮ್ಮನಿಗೆ, ತಮ್ಮನಿಗೆ, ಗದರಿಸಿ ಗದರಿಸಿ ನನ್ನನ್ನು ನಡೆಸಿದ ಫಿಸಿಯೋಥೆರಪಿ ಮೇಡಂಗೆ ಎದುರಿಗೇ ಥ್ಯಾಂಕ್ಸ್ ಹೇಳಿದ್ದಾಯಿತು. ಇಲ್ಲಿ ಬರೆಯುತ್ತಿರುವುದು ನಾನು ನೋಡೇ ಇಲ್ಲದವರಿಗೆ. ಆಳ ಸಮುದ್ರವನ್ನು ಶೋಧಿಸುವ ನಾಟಿಲಸ್ ಎಂಬ ಹಡಗಿನವರಿಗೆ.

ನೋವು ಜಾಸ್ತಿ ಆಗುತ್ತಿದ್ದದ್ದು ರಾತ್ರಿ ಹೊತ್ತು. ಹವಾಯಿಯಲ್ಲಿ ಬೆಳಿಗ್ಗೆ 8 ಆದಾಗ ನಮಗೆ ರಾತ್ರಿ 11.30. ಅಲ್ಲಿ ಸಮುದ್ರದಡಿಯ ಬೆಟ್ಟಗಳಿಗೆ ಹರ್ಕ್ಯುಲಿಸ್ ಎಂಬ ರೋಬೋಟ್ ಇಳಿಸುತ್ತಾರೆ, ಅದರ ಕ್ಯಾಮೆರಾಗೆ ಕಂಡದ್ದೆಲ್ಲ ನೇರಪ್ರಸಾರದಲ್ಲಿ ನಮಗೂ ಕಾಣುತ್ತದೆ. ಎಷ್ಟೋ ಹೊತ್ತು ಬರೀ ಕಪ್ಪು ನೀರು. ಆಮೇಲೆ ಬಂಡೆ, ಬಂಡೆಯ ಮೇಲೆ ಗುಲಾಬಿ, ಹಳದಿ, ಬಿಳಿ ಹವಳಗಳು, ಅವುಗಳ ಕೊಂಬೆಗೆ ತೋಳು ಸುತ್ತಿಕೊಂಡು ಕೂತ, ನಕ್ಷತ್ರಮೀನಿನ ಸಂಬಂಧಿಗಳಾದ ಬ್ರಿಟಲ್ ಸ್ಟಾರ್‌ಗಳು. ಅಲ್ಲಿಗೆ ಬಿಸಿಲೇ ತಲುಪುವುದಿಲ್ಲ. ತೀರದ ಹವಳಗಳಿಗೆ ಆಹಾರ ಮಾಡಿಕೊಡುವ ಪಾಚಿ ಇವಕ್ಕಿಲ್ಲ, ಬೆಟ್ಟಕ್ಕೆ ಬಡಿದು ಜೋರಾಗುವ ನೀರು ಹೊತ್ತು ತಂದದ್ದನ್ನೇ ಹಿಡಿದು ತಿನ್ನುತ್ತವೆ. ಹವಾಯಿಯ ಒಂದು ಕಪ್ಪು ಹವಳದ ವಯಸ್ಸು ಲೆಕ್ಕ ಹಾಕಿದಾಗ ಸುಮಾರು 4,265 ವರ್ಷ ಬಂತು! ಅದು ವರ್ಷಕ್ಕೆ ಒಂದು ಕೂದಲೆಳೆಯಷ್ಟೂ ದಪ್ಪ ಆಗುವುದಿಲ್ಲ.

ರೋಬೋಟಿನ ಕೈಯನ್ನು ಅಷ್ಟು ನಿಧಾನವಾಗಿ ಚಾಚಿ ಒಂದೇ ಒಂದು ಚೂರು ತೆಗೆಯುವ ಪೈಲಟ್‌ಗಳೇ, ನಿಮಗೆ ನಮಸ್ಕಾರ. ಗೊತ್ತಿಲ್ಲದ ಜೀವಿ ಕಂಡರೆ ಗೊತ್ತಿಲ್ಲ ಎಂದು ಎಲ್ಲರೆದುರು ಖುಷಿಯಿಂದ ಹೇಳುವ ವಿಜ್ಞಾನಿಗಳಿಗೂ. ಬ್ರಿಟಲ್ ಸ್ಟಾರ್ ಸುತ್ತಿಕೊಂಡರೆ ಹವಳಕ್ಕೆ ತೊಂದರೆ ಆಗಲ್ವಾ ಎಂದು ಒಂದು ರಾತ್ರಿ ಕೇಳಿ ಕಳಿಸಿದ್ದೆ. ಕೆಲವು ಜಾತಿಯವು ಹವಳದ ಮೇಲೆ ಕೂರುವ ಕೆಸರನ್ನು ತೆಗೆದು ಸಹಾಯವನ್ನೇ ಮಾಡುತ್ತವೆ ಎಂದು ಒಬ್ಬರು ಸಮಾಧಾನವಾಗಿ ವಿವರಿಸಿದರು. ಹಾಸಿಗೆಯಲ್ಲಿ ಮಲಗಿದ್ದ ನನಗೆ ಅವತ್ತು ಆದ ಸಂತೋಷ ಅವರಿಗೆ ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ದೊಡ್ಡ ಋಣ ಹವಾಯಿಯ ಮೂಲನಿವಾಸಿಗಳದ್ದು. ಪಾಪಹಾನೌಮೊಕುವಾಕೆಯಾ ಎಂಬ ಅಲ್ಲಿನ ಸಂರಕ್ಷಿತ ಸಮುದ್ರ 2006ರಲ್ಲಿ ಆಯಿತು. ಅದನ್ನು ಇನ್ನೂ ಹಿಗ್ಗಿಸಿ ಎಂದು ಅವರ ಹಿರಿಯರು ಪಟ್ಟು ಹಿಡಿದರು, 2016ರಲ್ಲಿ ಅದು ಸುಮಾರು 15 ಲಕ್ಷ ಚದರ ಕಿಲೋಮೀಟರ್ ಆಯಿತು. ನಮ್ಮ ಕರ್ನಾಟಕದ ಏಳು ಪಟ್ಟಿಗಿಂತ ಜಾಸ್ತಿ. ಆ ಕಡೆಯ ಕೆಲವು ಬೆಟ್ಟಗಳಲ್ಲಿ ಹಿಂದೆ ದೊಡ್ಡ ಬಲೆ ಎಳೆದು ಹವಳವೆಲ್ಲ ಕಿತ್ತುಹೋಗಿತ್ತು. 30-40 ವರ್ಷ ಯಾರೂ ಮುಟ್ಟದೆ ಬಿಟ್ಟಮೇಲೆ ಅಲ್ಲಿ ಹವಳ ಮತ್ತೆ ಬೆಳೆಯುತ್ತಿದೆ ಎಂದು 2019ರಲ್ಲಿ ಸಂಶೋಧಕರು ಬರೆದರು. ಅದನ್ನು ಓದಿದ ರಾತ್ರಿ ಅಮ್ಮನನ್ನು ಎಬ್ಬಿಸಿ ಹೇಳಿದ್ದೆ. ಅಷ್ಟು ಹೊತ್ತಿನಲ್ಲಿ ಎದ್ದು ಕೂತು ಪೂರ್ತಿ ಕೇಳಿಸಿಕೊಂಡಳು, ಅದಕ್ಕೂ ಥ್ಯಾಂಕ್ಸ್ ಅಮ್ಮ.