ರಾಶಿ ಎತ್ತಿದ ಮೇಲೆ ಆ ಕಲ್ಲುಗಳನ್ನೂ ಎತ್ತಿ

ಮಾನ್ಯ ಸಂಪಾದಕರೇ,

ನಾನು ಮೆಡಿಕಲ್ ರೆಪ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳನ್ನು ಬೈಕ್ ಮೇಲೆಯೇ ತಿರುಗುತ್ತೇನೆ, ಹನ್ನೊಂದು ವರ್ಷ ಆಯ್ತು. ರಸ್ತೆಗೆ ಕಾಡುಪ್ರಾಣಿ ಬರುತ್ತೆ ಅಂದ ಕೂಡಲೇ ಎಲ್ಲರಿಗೂ ಬಂಡೀಪುರ ನೆನಪಾಗುತ್ತದೆ. ಅಲ್ಲಿ ಆನೆ, ಹುಲಿ ಇವೆ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರವನ್ನೇ ನಿಲ್ಲಿಸಿದ್ದಾರೆ. ನಿಮ್ಮ ಕಡೆ ಬರೀ ಬಯಲು, ನಿಮಗೇನು ಭಯ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಸಂಜೆ ಏಳಕ್ಕೆ ಚಿಂಚೋಳಿಯಿಂದ ಕುಂಚಾವರಂ ಕಡೆ ಒಮ್ಮೆ ಬೈಕ್ ತಗೊಂಡು ಹೋಗಿ ನೋಡಲಿ.

ಅಲ್ಲಿ ಕಾಡಿದೆ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾದ ಸುಮಾರು 135 ಚದರ ಕಿ.ಮೀ. ಕಾಡು. ತೋಳ, ಕತ್ತೆಕಿರುಬ, ಜಿಂಕೆ ಎಲ್ಲ ಇವೆ, ಆದರೆ ಹೋದ ವರ್ಷ ನನಗೆ ಎದುರಾಗಿದ್ದು ಹಂದಿ. ಜಾಲಿ ಕಂಟಿಯೊಳಗಿಂದ ದೊಡ್ಡದೊಂದು ನುಗ್ಗಿ ಆಚೆ ಹೋಯ್ತು, ಸದ್ಯ ಹೋಯ್ತಲ್ಲ ಅಂತ ಬ್ರೇಕ್ ಬಿಟ್ಟೆ. ಅದರ ಹಿಂದೆ ಮರಿಗಳು ಸಾಲಾಗಿ ಬರುತ್ತವೆ ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ. ಮೂರನೇ ಮರಿಗೆ ಮುಂದಿನ ಗಾಲಿ ತಾಗಿ ಸ್ಯಾಂಪಲ್ ಬ್ಯಾಗ್ ಒಂದು ಕಡೆ, ನಾನೊಂದು ಕಡೆ. ಹೆಲ್ಮೆಟ್ ಇತ್ತು, ಮೊಣಕೈ ಮಾತ್ರ ಮುರಿಯಿತು. ಈಗ ಒಂದು ದಾಟಿದರೆ ಗಾಡಿ ನಿಲ್ಲಿಸಿ ಹತ್ತು ಎಣಿಸುತ್ತೇನೆ. ಬೀದರ್ ಕಡೆ ಕೃಷ್ಣಮೃಗಗಳದ್ದೂ ಇದೇ ಕಥೆ. ಒಂದು ಹಾರಿದರೆ ಹಿಂಡೇ ಹಾರುತ್ತದೆ, ಅದೂ ಹೊಲದ ಕಡೆ ಓಡೋದು ಬಿಟ್ಟು ನಮ್ಮ ಗಾಡಿಯ ಮುಂದೆಯೇ!

ಆದರೂ ಪ್ರಾಣಿಗಿಂತ ನನಗೆ ಜಾಸ್ತಿ ಭಯ ಕಲ್ಲಿಂದು.

ಹೆಸರು, ಉದ್ದು, ಸೋಯಾ ಬಂತು ಅಂದರೆ ನಮ್ಮ ಡಾಂಬರು ರಸ್ತೆಗಳು ಕಣ ಆಗುತ್ತವೆ. ಅರ್ಧ ರಸ್ತೆಗೆ ಕಾಳು ಹರವಿ, ಗಾಡಿಯವರು ಅದರ ಮೇಲೆ ಹಾಯದಿರಲಿ ಅಂತ ಸುತ್ತ ತಲೆಗಾತ್ರದ ಕಲ್ಲು ಇಡುತ್ತಾರೆ. ಹಗಲಲ್ಲಿ ಸರಿ, ಕಾಣುತ್ತೆ. ಸಂಜೆ ಕಾಳು ಚೀಲಕ್ಕೆ ಹೋಗುತ್ತೆ, ತಾಡಪತ್ರಿ ಮನೆಗೆ ಹೋಗುತ್ತೆ, ಕಲ್ಲು ಮಾತ್ರ ಅಲ್ಲೇ. ನಾಳೆ ಮತ್ತೆ ಬೇಕಲ್ಲ ಅನ್ನೋ ಲೆಕ್ಕ. ಕತ್ತಲಲ್ಲಿ ಕಪ್ಪು ರಸ್ತೆ ಮೇಲೆ ಕಪ್ಪು ಕಲ್ಲು, ಎದುರಿಗೆ ಸೇಡಂ ಕಡೆಯ ಸಿಮೆಂಟ್ ಲಾರಿಯ ಹೈಬೀಮ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ, ಕಲ್ಲು ಕಂಡಾಗ ಅದು ಗಾಲಿಯ ಕೆಳಗೇ ಇರುತ್ತದೆ. ಕಲ್ಲು ತಪ್ಪಿಸಿದರೆ ಉಳಿದ ಕಾಳು. ಸೋಯಾ ಕಾಳಿನ ಮೇಲೆ ಮುಂದಿನ ಬ್ರೇಕ್ ಹಿಡಿದು ನೋಡಿದವರಿಗೇ ಗೊತ್ತು, ಗೋಲಿ ಮೇಲೆ ನಿಂತ ಹಾಗೆ. 125 ಸಿಸಿ ಮೇಲಿನ ಬೈಕುಗಳಿಗೆ 2019ರಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಮಾಡಿದ್ದಾರೆ, ಒಳ್ಳೇದೇ. ನನ್ನದು 100 ಸಿಸಿ.

ರೈತರನ್ನು ಸುಮ್ನೆ ಬೈಯಲು ಇದನ್ನು ಬರೆಯುತ್ತಿಲ್ಲ. ನಮ್ಮಪ್ಪನೂ ರಸ್ತೆ ಮೇಲೇ ರಾಶಿ ಮಾಡಿದವರು. ಹೆಸರು ಬರೋದು ಮಳೆಗಾಲದಲ್ಲೇ, ಎರೆ ಹೊಲ ಕೆಸರಾಗಿರುತ್ತೆ, ಎರಡು ದಿನ ಬಿಸಿಲು ಸಿಕ್ಕಿತು ಅಂದರೆ ಕಾಳು ಒಣಗಿಸಲು ಗಟ್ಟಿ ನೆಲ ಇರೋದು ರಸ್ತೆ ಒಂದೇ. ಪ್ರತಿ ಊರಿಗೂ ಪಂಚಾಯ್ತಿಯಿಂದ ಒಂದು ಸಿಮೆಂಟ್ ಕಣ ಆದರೆ ಅರ್ಧ ತೊಂದರೆ ಹೋಗುತ್ತೆ. ಅಲ್ಲಿಯವರೆಗೆ ಕಲ್ಲಿನ ಬದಲು ಕಾಳು ತುಂಬುವ ಚೀಲಕ್ಕೇ ಹೊಟ್ಟು ತುಂಬಿ ಇಡಬಹುದು ಅಲ್ವಾ? ಬಡಿದರೂ ಹಲ್ಲು ಉಳಿಯುತ್ತವೆ.

ಶಹಾಪುರ, ಸುರಪುರ ಕಡೆ ಕಾಲುವೆ ನೀರಿನ ಭತ್ತಕ್ಕೂ ಇದೇ ಮಾತು. ಅಲ್ಲಿನ ಕುರಿ ಹಿಂಡುಗಳಿಂದ ನನಗೆ ಎಂದೂ ತೊಂದರೆ ಆಗಿಲ್ಲ, ಕುರಿ ಕಾಯುವವನು ಕೋಲು ಎತ್ತಿ ನಿಲ್ಲಿಸುತ್ತಾನೆ. ಇನ್ನು ಕಬ್ಬಿನ ಹಂಗಾಮು ಶುರುವಾದರೆ ಆಳಂದ, ಅಫಜಲಪುರದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಜೋತ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತೆ. ಪಂಕ್ಚರ್ ಆದರೆ ರಸ್ತೆ ನಡುವೆಯೇ ಬಿಟ್ಟು ಹೋಗುತ್ತಾರೆ, ಹಿಂದೆ ಮತ್ತದೇ ನಾಲ್ಕು ಕಲ್ಲು. ಕಾರ್ಖಾನೆಯ ಗೇಟಿನಲ್ಲೇ ರಿಫ್ಲೆಕ್ಟರ್ ನೋಡಿ ಒಳಗೆ ಬಿಟ್ಟರೆ ಯಾರಿಗೂ ಭಾರ ಆಗುವ ಕೆಲಸ ಅಲ್ಲ.

ತಿರುವುಗಳಲ್ಲಿ ರಸ್ತೆ ತನಕ ಬೆಳೆದ ಜಾಲಿ ಕಂಟಿ ಕಡಿಸಿ ಅಂತ ಒಂದು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಯಾರ ವ್ಯಾಪ್ತಿ ಅಂತ ಕೇಳಿದ್ದಕ್ಕೆ ಸಾಹೇಬರು ಊಟಕ್ಕೆ ಎದ್ದರು.

ಮಹಾಗಾಂವ ಕ್ರಾಸ್ ದಾಟಿ ಚಿಂಚೋಳಿ ಕಡೆ ತಿರುಗಿದ ಮೇಲೆ ಎಡಕ್ಕೆ ಅಂಥದ್ದೇ ಒಂದು ಕಲ್ಲಿನ ಸಾಲು ನಿನ್ನೆ ರಾತ್ರಿಯೂ ಇತ್ತು. ರಾಶಿ ಎತ್ತಿ ವಾರ ಆಗಿದೆ. ಗಾಡಿ ನಿಲ್ಲಿಸಿ ಏಳೆಂಟು ಬದಿಗೆ ಹಾಕಿದೆ. ಮೂರು ದೊಡ್ಡವು ಉಳಿದಿವೆ, ಈ ಮೊಣಕೈಯಲ್ಲಿ ಎತ್ತಲು ಆಗಲಿಲ್ಲ. ಆ ಕಡೆ ಹೋಗುವವರು ಸ್ವಲ್ಪ ಬಲಕ್ಕೆ ಹಿಡಿದು ಹೋಗಿ.

– ಒಬ್ಬ ಬೈಕ್ ಸವಾರ, ಕಲಬುರಗಿ